ನೀರು ಬಂದ ದಿನದ ಫಿರ್ಯಾದು

ಆ ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ನನ್ನ ಚಿಕ್ಕಪ್ಪನ ಮಗಳು ಶಹಾಪುರದಿಂದ ಬಂದಿದ್ದಳು. ನನ್ನ ಮನೆ ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಅವಳು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ನನಗಿಂತ ಒಂದೇ ವರ್ಷ ಚಿಕ್ಕವಳು, ನಾನು ಅವಳನ್ನು ತಂಗಿ ಎಂದೇ ಕರೆಯುವುದು. ಮಾಳಿಗೆಯ ಮೇಲೆ ಕೋಲು ಕಟ್ಟಿ ಎಳೆಗಳನ್ನು ಇಳಿಬಿಡುತ್ತಿದ್ದೆವು. ಆಗ ಕೆಳಗಿನಿಂದ ಯಾರೋ ಕೂಗಿ ಒಂದು ಲಕೋಟೆ ಕೊಟ್ಟು ಹೋದರು. ಒಳಗೆ ಹೊಳೆಯುವ ಕಾಗದದ ಆಮಂತ್ರಣವಿತ್ತು. ನಮ್ಮ ಹುಟ್ಟೂರಿನ ಶಾಲೆಯಲ್ಲಿ ಕಲಿಸಿದ್ದ ಮಾಸ್ತರರಿಗೆ ಹಳೆಯ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡಿದ್ದರು. ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಕೇಳದೆಯೇ ಅಚ್ಚು ಹಾಕಿಸಿದ್ದರು. ಗುರುವಿನ ಬಗ್ಗೆ ಹಳೆಯ ವಿದ್ಯಾರ್ಥಿನಿಯ ಎರಡು ಮಾತು.

ನಾನು ಕೈಯಲ್ಲಿದ್ದ ಹಿಟ್ಟಿನ ಸಮೇತ ಕುಳಿತುಬಿಟ್ಟೆ. ತಂಗಿ ಏನಾಯಿತೆಂದು ಕೇಳಿದಳು. ನಾನು ಹೋಗುವುದಿಲ್ಲ ಎಂದೆ. ತನಗೂ ಇಂಥದ್ದೇ ಕಾಗದ ಬಂದಿದೆ, ತಾನೂ ಹೋಗುವುದಿಲ್ಲ ಎಂದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಎರಡು ಕೋಲು ತುಂಬುವಷ್ಟು ಹೊತ್ತು ಇಬ್ಬರೂ ಹೊಸೆದೆವು. ಆಮೇಲೆ ಅವಳು ಮಣೆಯ ಮೇಲಿಂದ ತಲೆ ಎತ್ತದೆ ಕೇಳಿದಳು.

"ಅಕ್ಕಾ, ನೋಟಬುಕ್ ತಿದ್ದತೀನಿ ಅಂತ ನಿನ್ನೂ ನಿಂದರಿಸಿಕೊತ್ತಿದ್ದನೇನು?"

ಆ ಪ್ರಶ್ನೆಗೆ ಹೂಂ ಎನ್ನಲು ನನಗೆ ಇಪ್ಪತ್ತೆಂಟು ವರ್ಷ ಹಿಡಿದಿತ್ತು. ಹೂಂ ಎಂದೆ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ, ಯಾರಿಗೆ ಮೊದಲು ಬಂತೋ ಗೊತ್ತಿಲ್ಲ, ನಗು ಬಂತು. ಕುಶಾಲಿನ ನಗು ಅಲ್ಲ ಅದು. ತುಂಬಿದ ಎರಡು ಕೊಡ ಹೊತ್ತು ನಡೆದು ಇಳಿಸಿದ ಮೇಲೆ ಕಾಲು ನೆಲಕ್ಕೆ ತಾಗುವುದೇ ಇಲ್ಲವಲ್ಲ, ಹಾಗೆ ಮೈಯೆಲ್ಲ ಹಗುರಾಗಿ, ತಲೆ ಸುತ್ತಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ನಿಲ್ಲಿಸಿ ಮತ್ತೆ ಮುಖ ನೋಡಿಕೊಂಡರೆ ಮತ್ತೆ ಶುರು. ಅಷ್ಟರಲ್ಲಿ ಪಕ್ಕದ ಮನೆಯ ಕೋಳಿಗಳು ಮಾಳಿಗೆ ಹತ್ತಿ ಒಂದು ಕೋಲಿನ ಶಾವಿಗೆಯನ್ನು ಪೂರಾ ತಿಂದು ಹಾಕಿದ್ದವು.

ಸಂಗತಿ ಇಷ್ಟು. ದೇವಾಪುರದ ಆಚೆ, ಕಾಲುವೆ ದಂಡೆಯ ಸಣ್ಣ ಊರು ನಮ್ಮದು. ನನ್ನ ಅಪ್ಪ, ಚಿಕ್ಕಪ್ಪ ಇಬ್ಬರೂ ಕಾಲುವೆ ತೋಡುವ ಕೆಲಸದಲ್ಲಿ ಮಣ್ಣು ಹೊತ್ತವರು. ನಮ್ಮ ಓಣಿಯಲ್ಲಿ ಹತ್ತು ಮನೆಗಳವರು ಆಗಷ್ಟೇ ಬುದ್ಧನ ದಾರಿ ಹಿಡಿದಿದ್ದೆವು, ಮಕ್ಕಳನ್ನು ಓದಿಸಬೇಕೆಂಬ ಹುಚ್ಚು ಎಲ್ಲರಿಗೂ ಹತ್ತಿತ್ತು. ಶಾಲೆಯ ಮಾಸ್ತರರು ಲೂನಾ ಮೇಲೆ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಗುತ್ತೇದಾರರು ಬಿಟ್ಟುಹೋದ ತಗಡಿನ ಶೆಡ್ಡಿನಲ್ಲಿ ನಮ್ಮ ಓಣಿಯ ಮಕ್ಕಳಿಗೆ ಪುಕ್ಕಟೆ ಟ್ಯೂಷನ್ ಹೇಳುತ್ತಿದ್ದರು. ನಮ್ಮ ಓಣಿಗೆ ಕಾಲಿಡಲೂ ಹಿಂಜರಿಯುವವರಿದ್ದ ಕಾಲದಲ್ಲಿ ಇವರು ನಮ್ಮ ಮನೆಯ ಚಹಾ ಕುಡಿಯುತ್ತಿದ್ದರು. ಹಿರಿಯರು ಅವರನ್ನು ದೇವರಂತೆ ಕಾಣುತ್ತಿದ್ದರು. ನಾನು ಏಳನೆಯ ಇಯತ್ತೆ. ಟ್ಯೂಷನ್ ಮುಗಿದ ಮೇಲೆ ನನ್ನೊಬ್ಬಳನ್ನು ಉಳಿಸಿಕೊಳ್ಳುತ್ತಿದ್ದರು. ಆಮೇಲಿನದನ್ನು ಫಿರ್ಯಾದಿನಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಮಾಸ್ತರನ ಕೈಗೆ ಯಾವ ಕೆಲಸವೂ ಇಲ್ಲದ ಕಡೆ ಅವನ ಕೈ ಇತ್ತು ಎಂದರೆ ಸಾಕು.

ಒಂದು ದಿನ ಟ್ಯೂಷನ್ನಿಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಅವ್ವ ಕಸಬರಿಗೆ ತೆಗೆದುಕೊಂಡು ಹೊಡೆದು ಕಳಿಸಿದಳು. ಪರೀಕ್ಷೆ ಮುಗಿಯುವವರೆಗೂ ಹೋದೆ. ಆಮೇಲೆ ಸುರಪುರದ ಹಾಸ್ಟೆಲ್ಲಿಗೆ ಸೇರಿ ಪಾರಾದೆ. ಪಾರಾದೆ ಎಂದೇ ತಿಳಿದಿದ್ದೆ. ಮುಂದಿನ ವರ್ಷ ಶೆಡ್ಡಿನಲ್ಲಿ ನನ್ನ ಜಾಗ ಯಾರಿಗೆ ಹೋಯಿತೆಂದು ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಅದು ತಂಗಿಗೆ ಹೋಗಿತ್ತು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಮಾಳಿಗೆಯ ಮೇಲೆ ಅದಕ್ಕಾಗಿ ಅವಳ ಕೈ ಹಿಡಿದು ಕ್ಷಮೆ ಕೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆ ತಟ್ಟಿದಳು. ನಿನಗೆ ಆಗ ಹನ್ನೆರಡು, ನನಗೆ ಹನ್ನೊಂದು, ಹುಚ್ಚಿ ಎಂದಳು.

ಆಮಂತ್ರಣದ ಕೊನೆಯ ಸಾಲನ್ನು ಅವಳೇ ಓದಿದ್ದು. ಗುರುಗಳು ನಿವೃತ್ತಿಯ ನಂತರವೂ ತಮ್ಮ ಮನೆಯಲ್ಲಿ ಬಡಾವಣೆಯ ಮಕ್ಕಳಿಗೆ ಉಚಿತ ಪಾಠ ಹೇಳುತ್ತಿದ್ದಾರೆ ಎಂದು ಅಲ್ಲಿ ಬರೆದಿತ್ತು. ನಮ್ಮ ನಗು ನಿಂತಿತು. ತಂಗಿ ಎದ್ದು ಕೈ ತೊಳೆದಳು, ಬ್ಯಾಗು ತೆಗೆದುಕೊಂಡಳು, "ನಡಿ" ಎಂದಳು.

ಬಸ್ಸು ಹತ್ತಿ ಹೋದ ಮೊದಲ ಠಾಣೆಯಲ್ಲಿ ಫಿರ್ಯಾದು ಬರೆದುಕೊಳ್ಳುವವರು ಒಳ್ಳೆಯ ಮನುಷ್ಯರೇ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಯಾವಾಗ ನಡೆದದ್ದು ಎಂದರು. ಇಪ್ಪತ್ತೆಂಟು ವರ್ಷದ ಹಿಂದೆ ಎಂದೆವು. ಅವರು ಪೆನ್ನಿನ ಮುಚ್ಚಳ ಹಾಕಿದರು. ಆರೋಪಿ ಯಾರು ಎಂದಾಗ ಹೇಳಿದೆವು. ಪೆನ್ನನ್ನು ಜೇಬಿಗೆ ಇಟ್ಟರು. ಅವರ ಅಳಿಯನೂ ಅದೇ ಮಾಸ್ತರರ ಶಿಷ್ಯನಂತೆ. ನಮ್ಮೂರು ಹಳೆಯ ಸರಹದ್ದಿನಲ್ಲಿ ಬೇರೆ ಠಾಣೆಗೆ ಸೇರಿತ್ತು, ಅಲ್ಲಿಗೆ ಹೋಗಿ ಎಂದರು. ಬಸ್ಸು ಹತ್ತಿ ಅಲ್ಲಿಗೆ ಹೋದೆವು. ಅಲ್ಲಿಯವರು, ಅದು ಹಳೆಯ ಮಾತು, ಈಗಿನ ಸರಹದ್ದು ಬೇರೆ, ವಾಪಸ್ಸು ಹೋಗಿ ಎಂದರು. ವಾಪಸ್ಸು ಬಂದೆವು. ಆಗ ಮೊದಲಿನವರು ಊಟಕ್ಕೆ ಹೋಗಿದ್ದರು. ಠಾಣೆಯ ಬಾಗಿಲಲ್ಲಿ ಹಾಕಿದ್ದ ಹಲಗೆಯಲ್ಲಿ ಫಿರ್ಯಾದುದಾರರನ್ನು ಗೌರವದಿಂದ ನಡೆಸಿಕೊಳ್ಳಲಾಗುವುದು ಎಂದು ಬರೆದಿತ್ತು. ಗೌರವದಿಂದ ಮೂರು ಬಸ್ಸು ಹತ್ತಿಸಿದ್ದಾರಲ್ಲ ಎಂದಳು ತಂಗಿ. ಮುಗಿಯಿತು. ಅವರು ಊಟ ಮುಗಿಸಿ ಬಂದಾಗ ನಾವಿಬ್ಬರೂ ಬೆಂಚಿನ ಮೇಲೆ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಕ್ಕು ಅಲುಗುತ್ತಿದ್ದೆವು.

ಅವರಿಗೆ ಸಿಟ್ಟು ಬರಲಿಲ್ಲ, ಸಂಶಯ ಬಂತು. ಅಂಥದ್ದು ಆದವರು ಹೀಗೆ ನಗುತ್ತಾರೆಯೇ, ಅಳಬೇಕಲ್ಲ ಎಂದರು.

"ಅತ್ತಿದ್ದು ಮುಗದೈತ್ರಿ," ಅಂದಳು ತಂಗಿ. "ನಿಮ್ಮ ಮುಂದ ಅಳಲಿಕ್ಕಂತ ಉಳಿಸಿಕೊಂಡಿಲ್ಲ. ಬರಕೊಳ್ರಿ."

ಬರೆದುಕೊಳ್ಳಲಿಲ್ಲ. ಅರ್ಜಿ ಇಟ್ಟುಹೋಗಿ, ಸಾಹೇಬರು ಬಂದ ಮೇಲೆ ವಿಚಾರ ಮಾಡುತ್ತೇವೆ ಎಂದರು. ಅರ್ಜಿ ಮುಟ್ಟಿದ್ದಕ್ಕೆ ರಸೀದಿ ಕೇಳಿದರೆ ರಸೀದಿ ಪುಸ್ತಕ ತೀರಿದೆ ಎಂದರು.

ತಂಗಿಗೆ ಶಹಾಪುರದಲ್ಲಿ ಒಬ್ಬ ವಕೀಲ ಹೆಣ್ಣುಮಗಳ ಗುರುತಿತ್ತು. ಅವರ ಆಫೀಸು ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಖೋಲಿ. ಅವರು ಪೂರ್ತಿ ಕೇಳಿದರು, ನಡುವೆ ಒಮ್ಮೆಯೂ ತಡೆಯಲಿಲ್ಲ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಾಯ್ದೆ ಹೇಳಿದರು. ಮಕ್ಕಳಿಗಾಗಿ ಈಗ ಬಂದಿರುವ ಹೊಸ ಕಾಯ್ದೆ ಹಿಂದೆ ನಡೆದದ್ದಕ್ಕೆ ಅನ್ವಯಿಸುವುದಿಲ್ಲ. ಆಗಿನ ಕಾಯ್ದೆಯಲ್ಲಿ ನಮ್ಮ ಮೇಲೆ ನಡೆದ ತರಹದ್ದಕ್ಕೆ ಶಿಕ್ಷೆ ಸಣ್ಣದು, ಶಿಕ್ಷೆ ಸಣ್ಣದಾದ್ದರಿಂದ ಮೂರು ವರ್ಷದೊಳಗೆ ನ್ಯಾಯಾಲಯದ ಮುಂದೆ ಬರಬೇಕಿತ್ತು. ಅದಕ್ಕಿಂತ ಕೆಟ್ಟದ್ದು ನಡೆದಿದ್ದರೆ ಕಾಲಮಿತಿ ಇರುತ್ತಿರಲಿಲ್ಲ.

ನಾನು ಲೆಕ್ಕ ಹಾಕಿದೆ. ಹದಿನೈದು ತುಂಬುವುದರೊಳಗೆ ನಾನು ಹಾಸ್ಟೆಲ್ಲಿನಿಂದ ತಪ್ಪಿಸಿಕೊಂಡು, ಬಸ್ಸು ಹಿಡಿದು, ಠಾಣೆಗೆ ಹೋಗಿ, ಊರಿನ ದೇವರಂಥ ಮನುಷ್ಯನ ಮೇಲೆ ಬರೆಸಿಕೊಡಬೇಕಿತ್ತು. ಆ ಮುಟ್ಟುವಿಕೆಗೆ ಹೆಸರೇನೆಂದೇ ಆಗ ನನಗೆ ಗೊತ್ತಿರಲಿಲ್ಲ. ತಂಗಿ, "ನಮ್ದು ಅಗ್ಗದ ಮಾಲ್ ಆತೇನ್ರಿ ಮೇಡಂ," ಎಂದು ಕೇಳಿದಳು, ಮತ್ತೆ ನಮಗೆ ನಗು ಉಕ್ಕಿತು. ವಕೀಲರು ನಗಲಿಲ್ಲ. ಕಿಟಕಿಯ ಕಡೆಗೆ ತಿರುಗಿದರು. ಸ್ವಲ್ಪ ಹೊತ್ತಿನ ಮೇಲೆ ಅವರ ಹೆಗಲೂ ಅಲುಗುತ್ತಿತ್ತು. ಅವರೂ ನಗುತ್ತಿದ್ದಾರೆಂದು ನಾನು ತಿಳಿದೆ. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ತಡವಾದದ್ದನ್ನು ಮನ್ನಿಸಿ ಎಂದು ಕೇಳುವ ಅಧಿಕಾರ ಇದೆ, ನ್ಯಾಯಾಧೀಶರಿಗೆ ಒಪ್ಪುವ ಅಧಿಕಾರವೂ ಇದೆ, ಕೇಳೋಣ ಎಂದರು. ಅದಕ್ಕೆ ಎರಡು ಬೇಕು: ಆಗ ನಮ್ಮ ವಯಸ್ಸಿಗೆ ಪುರಾವೆ, ಮತ್ತು ಒಂದಾದರೂ ಖಚಿತ ತಾರೀಖು.

ವಯಸ್ಸಿನ ಪುರಾವೆಗೆ ಹಳೆಯ ಟಿ.ಸಿ. ಹುಡುಕಿದೆವು. ನಮ್ಮ ಓಣಿಯ ಅಷ್ಟೂ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದೆವು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಕೈಗೆ ಬಂದ ತಾರೀಖು ಬರೆಯುತ್ತಿದ್ದ ಕಾಲವದು. ಟಿ.ಸಿ.ಯ ಕೆಳಗಿನ ಸಹಿ ನೋಡಿದೆವು: ಅವನದೇ. ನಾವು ಆಗ ಮಕ್ಕಳಾಗಿದ್ದೆವು ಎನ್ನುವುದಕ್ಕೆ ಇದ್ದ ಒಂದೇ ದಾಖಲೆ ಅವನ ದುಂಡು ಅಕ್ಷರದ ಬರಹ. ಶಾಲೆಯ ಹಾಜರಿ ಪುಸ್ತಕ ಕೇಳಿದರೆ ಗೆದ್ದಲು ತಿಂದಿದೆ ಎಂದು ಒಂದು ಸಾಲಿನ ಉತ್ತರ ಬಂತು.

ತಾರೀಖು ಮಾತ್ರ ನನಗೆ ಒಂದು ರೀತಿಯಲ್ಲಿ ಗೊತ್ತಿತ್ತು. ಅಂಕಿ ಗೊತ್ತಿರಲಿಲ್ಲ, ದಿನ ಗೊತ್ತಿತ್ತು. ನಮ್ಮೂರಿನ ಕಾಲುವೆಗೆ ಮೊದಲ ಸಲ ನೀರು ಬಂದ ದಿನ ಅದು. ಒಣ ಎಲೆ, ನೊರೆ, ಚೇಳು ಎಲ್ಲ ತಳ್ಳಿಕೊಂಡು ನೀರು ನಿಧಾನವಾಗಿ ಮುಂದೆ ಬರುತ್ತಿತ್ತಂತೆ, ಅದರ ಮುಂದೆ ಇಡೀ ಊರು ಕುಣಿಯುತ್ತ ಓಡಿತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಉಳಿದ ಮಕ್ಕಳನ್ನೆಲ್ಲ ಬಿಟ್ಟು ನನ್ನನ್ನು ಶೆಡ್ಡಿನಲ್ಲಿ ಉಳಿಸಿಕೊಂಡಿದ್ದರು. ತಗಡಿನ ಆಚೆಗೆ ಕೇಕೆ ಕೇಳುತ್ತಿತ್ತು. ಮರುದಿನವೇ ನಾನು ಹೋಗುವುದಿಲ್ಲ ಎಂದು ಹಟ ಹಿಡಿದದ್ದು.

ಆ ದಿನವನ್ನು ಗಟ್ಟಿ ಮಾಡಿಕೊಳ್ಳಲು ಅವ್ವನನ್ನು ಕೇಳಬೇಕಾಯಿತು. ಕೇಳಬೇಕೆಂದರೆ ಹೇಳಬೇಕಾಯಿತು. ಅವ್ವ ಆಗ ಎಪ್ಪತ್ತರ ಹತ್ತಿರ, ಭತ್ತದ ಗದ್ದೆಯಲ್ಲಿ ಬಗ್ಗಿ ಬಗ್ಗಿ ನಡು ಹಿಡಿದುಹೋಗಿತ್ತು. ಜ್ವಾರಿ ಹಸನು ಮಾಡುತ್ತ ಕುಳಿತಿದ್ದಳು. ನಾನು ಹೇಳುತ್ತ ಹೋದೆ, ಅವಳು ಮೊರ ಅಲ್ಲಾಡಿಸುತ್ತ ಹೋದಳು. ಮುಗಿದ ಮೇಲೂ ಮೊರ ನಿಲ್ಲಲಿಲ್ಲ. ಆಮೇಲೆ ನಿಂತಿತು.

"ಅವತ್ತ ನೀ ಒಲ್ಲೆ ಅಂದಿ. ನೀರ ನೋಡಲಿಕ್ಕ ಬಿಡಲಿಲ್ಲ ಅಂತ ಸಿಟ್ಟ ಮಾಡಿಕೊಂಡಿ ಅಂತ ತಿಳಕೊಂಡೆ," ಅಂದಳು ಅವ್ವ. "ಕಸಬರಿಗಿ ತಗೊಂಡು ಹೊಡದೆ ನಿನಗ. ನಾನೇ ಕಳಿಸಿದೆ."

ನಾನು ಏನೋ ಹೇಳಲು ಹೋದೆ. ಅವಳು ಕೈ ಎತ್ತಿ ತಡೆದಳು. ಜ್ವಾರಿಯನ್ನು ಡಬ್ಬಿಗೆ ಸುರಿದಳು. ಆಮೇಲೆ ಮೊರ ಗೋಡೆಗೆ ಒರಗಿಸಿ, ಯಾವಾಗ ಹೋಗುವುದು, ನಾನೂ ಬರುತ್ತೇನೆ ಎಂದಳು. ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ನಾವು ಬುದ್ಧನನ್ನು ನಂಬಿದ ಮೇಲೂ ಅಪ್ಪನಿಗೆ ಗೊತ್ತಾಗದ ಹಾಗೆ ಒಂದು ರವಿಕೆ ಖಣ, ಅರಿಶಿನ ಕುಂಕುಮ ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಹೋಗಿ ಕಾಲುವೆಗೆ ಬಿಟ್ಟಿದ್ದಳಂತೆ. ಖಣ ತೇಲಿಹೋಗದೆ ನೇರ ಅಪ್ಪನ ಕಾಲಿಗೇ ಬಂದು ಸುತ್ತಿಕೊಂಡಿತಂತೆ. ಅದನ್ನು ಹೇಳುವಾಗ ಅವ್ವನ ಮುಖದಲ್ಲಿ ಅಳುವೂ ಇತ್ತು, ನಗುವೂ ಇತ್ತು.

ಕಾಲುವೆಯ ಕಚೇರಿಗೆ ಹೋಗಿ ನಮ್ಮೂರಿನ ಕಾಲುವೆಗೆ ಮೊದಲು ನೀರು ಬಿಟ್ಟ ತಾರೀಖು ಬೇಕು ಎಂದು ಅರ್ಜಿ ಕೊಟ್ಟೆವು. ಅಲ್ಲಿದ್ದ ಗುಮಾಸ್ತರು ನಿವೃತ್ತಿಯ ಅಂಚಿನಲ್ಲಿದ್ದರು. ಇಷ್ಟು ವರ್ಷದ ನೌಕರಿಯಲ್ಲಿ ನೀರು ಬಿಟ್ಟ ಲೆಕ್ಕದ ಪುಸ್ತಕವನ್ನು ಕೇಳಿಕೊಂಡು ಬಂದವರು ನೀವೇ ಮೊದಲು ಎಂದು ಸಂತೋಷದಿಂದ ಏಣಿ ಹತ್ತಿದರು. ಕೆಂಪು ಬಟ್ಟೆಯ ಕಟ್ಟು ಬಿಚ್ಚಿದರೆ ಒಂದು ಹಾಳೆಯೂ ಹರಿದಿರಲಿಲ್ಲ. ತಾರೀಖು, ವಾರ, ತೂಬು ಎತ್ತಿದ ಗಂಟೆ, ನೀರಿನ ಆಳ, ಎಲ್ಲ ಇತ್ತು. ಇಡೀ ಊರಿನ ಮಕ್ಕಳು ಯಾವತ್ತು ಹುಟ್ಟಿದ್ದೆಂದು ಯಾರೂ ಸರಿಯಾಗಿ ಬರೆದಿರಲಿಲ್ಲ, ನೀರು ಹುಟ್ಟಿದ ಗಂಟೆಯನ್ನು ಬರೆದಿಟ್ಟಿದ್ದರು. ಮೊಹರು ಹಾಕಿದ ನಕಲನ್ನು ನನ್ನ ಕೈಗೆ ಕೊಟ್ಟಾಗ ನನಗೆ ಅದನ್ನು ಎತ್ತಿ ಹಿಡಿದು ರಸ್ತೆಯಲ್ಲಿ ಓಡಬೇಕೆನಿಸಿತು. ತಂಗಿ ಓಡಿಯೇ ಓಡಿದಳು, ಬಸ್‌ಸ್ಟ್ಯಾಂಡಿನವರೆಗೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ನಲವತ್ತರ ಹೆಂಗಸು.

ಯಾದಗಿರಿಗೆ ಜಿಲ್ಲೆಯ ಪೊಲೀಸ್ ಕಚೇರಿಗೆ ಹೋದದ್ದು ನಾಲ್ವರು: ನಾನು, ತಂಗಿ, ಅವ್ವ, ವಕೀಲರು. ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ಕಂಡಾಗ ಅವ್ವ ಬಸ್ಸಿನಲ್ಲೇ ಎದ್ದು ನಿಂತು ಕೈ ಮುಗಿದಳು. ಪಕ್ಕದ ಸೀಟಿನ ಹೆಂಗಸು ಯಾವ ಊರಿಗೆ ಎಂದು ಕೇಳಿದಳು. ಅವ್ವ, ನನ್ನ ಮಕ್ಕಳ ಮೈ ಮುಟ್ಟಿದವನ ಮೇಲೆ ಕೇಸು ಹಾಕಲು ಹೊರಟಿದ್ದೇವೆ ಎಂದು ಚಹಾಕ್ಕೆ ಹೊರಟವಳಂತೆ ಹೇಳಿದಳು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆ ಹೆಂಗಸು ಚೀಲದಿಂದ ಎರಡು ಸೀತಾಫಲ ತೆಗೆದು ಅವ್ವನ ಉಡಿಗೆ ಹಾಕಿದಳು. ಭೀಮೆಯ ಸೇತುವೆ ದಾಟುವಷ್ಟರಲ್ಲಿ ಅರ್ಧ ಬಸ್ಸಿಗೆ ನಮ್ಮ ಸುದ್ದಿ ಗೊತ್ತಿತ್ತು. ನಾನು ಇಷ್ಟು ವರ್ಷ ಯಾರಿಗೆ ಗೊತ್ತಾದೀತೋ ಎಂದು ಹೆದರಿದ್ದೆನೋ ಆ ಲೋಕಕ್ಕೆಲ್ಲ ಗೊತ್ತಾಗಿತ್ತು. ಬಸ್ಸು ಹಾಗೆಯೇ ಹೋಗುತ್ತಿತ್ತು. ನನಗೆ ಕಿಟಕಿಯಿಂದ ಹೊರಗೆ ತಲೆ ಹಾಕಿ ಕೂಗಬೇಕೆನಿಸುವಷ್ಟು ಹಗುರವಾಯಿತು.

ಅಲ್ಲಿ ಒಬ್ಬ ಮಹಿಳಾ ಅಧಿಕಾರಿ ನಮ್ಮನ್ನು ಕೂರಿಸಿಕೊಂಡು ಕೇಳಿದರು. ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ಅಲ್ಲೂ ಬಂತು. ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ, ಆದರೆ ಅವ್ವ ಮೊದಲು ಬಾಯಿ ತೆರೆದಳು.

"ಅಕಿ ಸುಮ್ಮ ಇರಲಿಲ್ಲರಿ ಸಾಹೇಬ್ರ. ಮರುದಿವ್ಸನ ಹೇಳಿದ್ಲು. ಹೋಗಂಗಿಲ್ಲ ಅಂತ ಹೇಳಿದ್ಲು. ನಾ ಕೇಳಲಿಲ್ಲ. ಅದನ್ನ ಬರಕೊಳ್ರಿ, ಅಕಿ ತಪ್ಪಂತ ಬರೀಬ್ಯಾಡ್ರಿ."

ಅಧಿಕಾರಿ ಬರೆದುಕೊಂಡರು. ಓದಿ ಹೇಳಿದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಅವತ್ತೇ ಮೊದಲ ಬಾರಿಗೆ ನಮ್ಮ ಫಿರ್ಯಾದಿಗೆ ಒಂದು ನಂಬರು ಸಿಕ್ಕಿತು. ಹೊರಗೆ ಬಂದು ಮಿರ್ಚಿ ಭಜಿ ತಿಂದೆವು. ಖಾರ ಹತ್ತಿ ಮೂವರಿಗೂ ಕಣ್ಣಲ್ಲಿ ನೀರು ಬಂತು, ವಕೀಲರು ಇನ್ನೊಂದು ಪ್ಲೇಟು ತರಿಸಿದರು.

ಎಲ್ಲ ಸಲೀಸಾಗಿ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸನ್ಮಾನವನ್ನು ಕಾರಣಾಂತರದಿಂದ ಮುಂದೂಡಲಾಗಿದೆ ಎಂದು ಸುದ್ದಿ ಬಂತು. ನಮ್ಮ ಓಣಿಯ ಹಿರಿಯರು ಐದಾರು ಜನ ನನ್ನ ಮನೆಗೆ ಬಂದು ಕುಳಿತರು. ನಮಗೆ ಅಕ್ಷರ ಕೊಟ್ಟವರು, ನೀನು ಇವತ್ತು ಶಿಕ್ಷಕಿ ಆಗಿರುವುದೂ ಅವರಿಂದಲೇ ಎಂದರು. ಆ ಮಾತು ಪೂರಾ ಸುಳ್ಳಲ್ಲ ಎನ್ನುವುದೇ ನನ್ನನ್ನು ಇಷ್ಟು ವರ್ಷ ಕಟ್ಟಿಹಾಕಿತ್ತು. ಅಕ್ಷರ ಕೊಟ್ಟದ್ದು ನಿಜ, ಅದಕ್ಕೇ ಬರೆದುಕೊಟ್ಟಿದ್ದೇನೆ ಎಂದೆ. ಅವರು ಚಹಾ ಕುಡಿಯದೆ ಎದ್ದರು. ಅವರಲ್ಲಿ ಒಬ್ಬರು, ನನ್ನ ಅಪ್ಪನ ಜೊತೆ ಮಣ್ಣು ಹೊತ್ತವರು, ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ನನಗೆ ಅದು ನೋಯುತ್ತದೆ.

ನ್ಯಾಯಾಲಯ ಕೊನೆಗೆ ನಮ್ಮ ಪ್ರಕರಣ ಕಾಲಮಿತಿ ಮೀರಿದೆ ಎಂದಿತು. ತಡವಾದದ್ದಕ್ಕೆ ಕೊಟ್ಟ ಕಾರಣ ಸಾಲದು ಎಂದು ಆದೇಶದಲ್ಲಿ ಬರೆದಿತ್ತು. ಕಾಲುವೆ ಪುಸ್ತಕದ ತಾರೀಖನ್ನು ಒಪ್ಪಿದರು, ಆ ತಾರೀಖಿನಿಂದಲೇ ವರ್ಷಗಳನ್ನು ಎಣಿಸಿ ತಡವಾಯಿತು ಎಂದರು. ನಮ್ಮ ವಕೀಲರು ಮೇಲಿನ ಕೋರ್ಟಿಗೆ ಹಾಕಿದ್ದಾರೆ, ಅದು ಅಲ್ಲೇ ಇದೆ.

ಆದರೆ ಅಷ್ಟರಲ್ಲಿ ಸುದ್ದಿ ನಡೆದುಕೊಂಡು ಎಲ್ಲೆಲ್ಲಿಗೋ ಹೋಗಿತ್ತು. ಮಾಸ್ತರನ ಬಡಾವಣೆಯಲ್ಲಿ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಪಾಠದಿಂದ ಬಿಡಿಸಿದರು. ಒಂದು ಮಧ್ಯಾಹ್ನ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ತಂಗಿಯ ಅಂಗನವಾಡಿಗೆ ಬಂದರು. ಆ ಹುಡುಗಿಯದು ಎರಡು ವರ್ಷದ ಹಿಂದಿನ ಮಾತು. ಅವಳಿಗೆ ಹೊಸ ಕಾಯ್ದೆ ಇತ್ತು, ಕಾಲಮಿತಿ ಅಡ್ಡ ಬರಲಿಲ್ಲ, ಮೂರು ಬಸ್ಸೂ ಹತ್ತಬೇಕಾಗಲಿಲ್ಲ. ಮಹಿಳಾ ಪೊಲೀಸರು ಮನೆಗೇ ಬಂದು, ಸಾದಾ ಉಡುಪಿನಲ್ಲಿ ಕುಳಿತು ಬರೆದುಕೊಂಡರು. ಮಾಸ್ತರ ಜೈಲಿಗೆ ಹೋದ. ವಯಸ್ಸು, ಸಕ್ಕರೆ ರೋಗ ಎಂದು ಆಮೇಲೆ ಜಾಮೀನಿನ ಮೇಲೆ ಹೊರಗೂ ಬಂದ. ಆ ಪ್ರಕರಣ ನಡೆಯುತ್ತಿದೆ. ನಾವಿಬ್ಬರೂ ಅದರಲ್ಲಿ ಸಾಕ್ಷಿಗಳು.

ಸಾಕ್ಷಿ ಹೇಳಲು ಸಮನ್ಸ್ ಬಂದಾಗ ನಾನು ಶಾಲೆಯಲ್ಲಿ ರಜೆ ಅರ್ಜಿ ಬರೆಯಲು ಕುಳಿತೆ. ಇಷ್ಟು ದಿನದ ಓಡಾಟಕ್ಕೆಲ್ಲ ಜ್ವರ, ಸ್ವಂತ ಕೆಲಸ, ಸಂಬಂಧಿಕರ ಮದುವೆ ಎಂದು ಬರೆದಿದ್ದೆ. ಆ ದಿನ ಕೈ ತಾನೇ ಬರೆಯಿತು. ಚಿಕ್ಕಂದಿನಲ್ಲಿ ನನ್ನ ಮೇಲೆ ದೌರ್ಜನ್ಯ ನಡೆಸಿದ ವ್ಯಕ್ತಿಯ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗಿರುವುದರಿಂದ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಮುಖ್ಯೋಪಾಧ್ಯಾಯರು ಅದನ್ನು ಎರಡು ಸಲ ಓದಿದರು. ಅವರ ಕಿವಿ ಕೆಂಪಾಯಿತು. ನನಗೆ ಹೊಟ್ಟೆಯೊಳಗಿನಿಂದ ಆ ಹಳೆಯ ನಗು ಏಳುತ್ತಿತ್ತು, ತುಟಿ ಕಚ್ಚಿ ಹಿಡಿದುಕೊಂಡೆ. ಅವರು ಸಹಿ ಹಾಕಿ, ಅರ್ಧ ದಿನವೋ ಪೂರ್ತಿ ದಿನವೋ ಎಂದು ಮೆಲ್ಲಗೆ ಕೇಳಿದರು.

"ಪೂರ್ತಿ ದಿನರಿ ಸರ್," ಎಂದೆ.